ಕೊಟ್ರಮ್ಮ ಒಪ್ಪಿದ ಸ್ಪ್ಯಾನಿಷ್ ಪದ

ಒಗೆದ ಬಟ್ಟೆ ಮಡಚುವಾಗ ಕೊಟ್ರಮ್ಮ ಅದರ ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಾಗಾಗಿ ಅವರು ನನ್ನ ಜೊತೆ ಆಡಿದ ಮಾತಿನಲ್ಲಿ ಅರ್ಧ, ಹಲ್ಲು ಕಚ್ಚಿಕೊಂಡೇ ಆಡಿದ್ದು. ಕಂಡವರು ಈಯಮ್ಮ ಸಿಟ್ಟಾಗಿದ್ದಾರೆ ಅಂದುಕೊಳ್ಳಬೇಕು. ಸಿಟ್ಟೂ ಇಲ್ಲ, ಏನೂ ಇಲ್ಲ. ಟವೆಲ್ಲಿನ ನಾಲ್ಕು ಮೂಲೆ ಕೂಡುವವರೆಗೆ ಅವರಿಗೆ ಬಾಯಿ ತೆರೆಯಲು ಪುರುಸೊತ್ತಿರಲಿಲ್ಲ, ಅಷ್ಟೇ. ನಮ್ಮ ಮನೆಗೆ ಬಂದರೂ ಕೂತಲ್ಲೇ ಕೈಗೆ ಸಿಕ್ಕ ಪೇಪರು, ಚಾರ್ಜರ್ ವೈರು, ನನ್ನ ಮಗನ ಸಾಕ್ಸು ಎಲ್ಲವನ್ನೂ ಒಪ್ಪ ಮಾಡುತ್ತಲೇ ಮಾತಾಡೋರು. ನನಗೆ ನಾಚಿಕೆಯಾಗಿ ಬಿಡ್ರಿ ಅಂದರೆ, ಕೈ ಸುಮ್ನಿರಂಗಿಲ್ಲವ್ವ ಅನ್ನೋರು.

ಕೊಟ್ಟೂರಿನಲ್ಲಿ ಕೊಟ್ರಮ್ಮ ಅಂತ ಕೂಗಿದರೆ ಓಣಿಗೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇವರು ಊರಾಚೆಯ ಒಂದು ಮಕ್ಕಳ ಆಶ್ರಮದ ಕೊಟ್ರಮ್ಮ, ನಮ್ಮತ್ತೆಗೆ ಹಳೇ ಪರಿಚಯ. ಹೆತ್ತವರಿಲ್ಲದ ಮಕ್ಕಳಿಗೆ ಎಣ್ಣೆ ಹಚ್ಚಿ, ಎರೆದು, ಉಣಿಸಿ, ಮಲಗಿಸುವ ಕೆಲಸ. ನಾನೋ, ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮನೆಯಲ್ಲೇ ಕೂತು ಕಂಪನಿಗಳ ಕಾಗದಪತ್ರ ಅನುವಾದ ಮಾಡುವವಳು. ಈ ಊರಲ್ಲಿ ಸ್ಪ್ಯಾನಿಷ್ ಯಾರಿಗೆ ಬೇಕು ಅಂತ ನಮ್ಮತ್ತೆಯಿಂದ ಹಿಡಿದು ಗ್ಯಾಸ್ ತರುವವನವರೆಗೆ ಎಲ್ಲರೂ ಕೇಳಿಯಾಗಿತ್ತು. ಒಂದು ದಿನ ಆ ಆಶ್ರಮಕ್ಕೇ ಬೇಕಾಯಿತು. ಅಲ್ಲಿದ್ದ ಆರು ವರ್ಷದ ಹುಡುಗಿಯೊಬ್ಬಳನ್ನು ಸ್ಪೇನಿನ ಗಂಡ ಹೆಂಡತಿ ದತ್ತು ತೆಗೆದುಕೊಳ್ಳುವುದು ಗಟ್ಟಿಯಾಗಿತ್ತು. ಅವಳ ಹೆಸರು ಇಲ್ಲಿ ಬೇಡ, ಪುಟ್ಟಿ ಅನ್ನೋಣ. ಹುಡುಗಿಯ ಊಟ, ನಿದ್ದೆ, ಸ್ವಭಾವದ ಬಗ್ಗೆ ಹೊಸ ತಾಯಿಗೆಂದು ಒಂದು ಪುಟ ಬರೆದಿದ್ದೇವೆ, ಸ್ಪ್ಯಾನಿಷಿಗೆ ಮಾಡಿಕೊಡಿ ಅಂತ ಆಶ್ರಮದ ಮೇಡಂ ಹೇಳಿಕಳಿಸಿದರು. ಅದರಲ್ಲೊಂದು ಸಾಲು: ‘ಅಚ್ಚುಕಟ್ಟಿಲ್ಲ, ಸಾಮಾನು ಹರಡುತ್ತಾಳೆ.’

ಆ ಸಾಲಿನ ವಿಷಯ ಕಿವಿಗೆ ಬಿದ್ದ ಮಧ್ಯಾಹ್ನವೇ ಕೊಟ್ರಮ್ಮ ಬಿಸಿಲಲ್ಲಿ ನಡೆದುಕೊಂಡು ನಮ್ಮ ಮನೆಗೆ ಬಂದರು. ನೀರು ಕುಡಿಯಲಿಲ್ಲ. ನನ್ನ ಟೇಬಲ್ಲಿನ ಮೇಲಿದ್ದ ಯಾವುದನ್ನೂ ಮುಟ್ಟಲಿಲ್ಲ. ಆಗಲೇ ನನಗೆ ಗಾಬರಿಯಾಯಿತು.

ಪುಟ್ಟಿ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮಗು. ಬಂದ ಮೊದಲ ನಾಲ್ಕು ತಿಂಗಳು ತನ್ನ ಎರಡು ಫ್ರಾಕು, ಒಂದು ಬಾಚಣಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಂಟು ಹಾಕಿ, ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದಳಂತೆ. ಆಟದ ಸಾಮಾನು ಕೊಟ್ಟರೆ ಸ್ವಲ್ಪ ಹೊತ್ತು ಆಡಿ, ತಂದು ವಾಪಸ್ ಕೈಗೇ ಕೊಡುತ್ತಿದ್ದಳಂತೆ. ಅಚ್ಚುಕಟ್ಟೆಂದರೆ ಪ್ರಾಣ ಬಿಡುವ ಕೊಟ್ರಮ್ಮನಿಗೆ ಇನ್ನೇನು ಬೇಕು? ಉಳಿದ ಮಕ್ಕಳಿಗೆಲ್ಲ ಈಕಿನ್ನ ನೋಡಿ ಕಲೀರಿ ಅಂತ ಹೇಳಿದ್ದೇ ಹೇಳಿದ್ದು.

"ಎಂಥಾ ಹುಚ್ಚಿ ನೋಡವ್ವ ನಾನು. ಯಾವಾಗ ಹೊರಗ ಹಾಕ್ತಾರೋ ಅಂತ ಹುಡುಗಿ ಗಂಟು ಕಟ್ಕೊಂಡು ಕುಂತೈತಿ, ನಾನು ಶಾಣ್ಯಾಕಿ ಅಂತ ಬೆನ್ನು ತಟ್ಟೀನಿ," ಅನ್ನುವಾಗ ಅವರ ಕಣ್ಣು ತುಂಬಿ ಬಂದಿತ್ತು.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪುಟ್ಟಿ ಆ ಚೀಲವನ್ನು ನೆಲಕ್ಕೆ ಸುರಿದು, ಹಾಗೇ ಬಿಟ್ಟು, ಅಂಗಳಕ್ಕೆ ಆಡಲು ಓಡಿದಳು. ಬಾಗಿಲಲ್ಲಿ ಚಪ್ಪಲಿ ಸೊಟ್ಟಗಿದ್ದರೂ ತಡೆಯಲಾರದ ಕೊಟ್ರಮ್ಮ ಅವತ್ತು ಸಂಜೆಯವರೆಗೆ ಆ ಬಟ್ಟೆಗಳನ್ನು ದಾಟಿಕೊಂಡೇ ಓಡಾಡಿದರು, ಬೇರೆ ಯಾರಿಗೂ ಎತ್ತಿಡಲು ಬಿಡಲಿಲ್ಲ. ಅಲ್ಲಿಂದಾಚೆಗೆ ಹುಡುಗಿ ನಕ್ಕಳು, ಜಗಳಾಡಿದಳು, ಕೇಳಿ ಎರಡನೇ ರೊಟ್ಟಿ ಹಾಕಿಸಿಕೊಂಡಳು. ಈಗ ಕೊಟ್ರಮ್ಮನಿಗಿದ್ದ ಭಯ ಒಂದೇ. ಆ ಸಾಲು ಓದಿ ಹೊಸ ತಾಯಿ ಶಿಸ್ತು ಕಲಿಸಲು ಹೊರಟರೆ ಹುಡುಗಿ ಮತ್ತೆ ಗಂಟು ಕಟ್ಟುತ್ತಾಳೆ.

ಸಾಲನ್ನೇ ತೆಗೆದುಬಿಡೋಣ ಅಂದೆ. ಅದಕ್ಕೂ ಒಪ್ಪಲಿಲ್ಲ. ಆ ತಾಯಿಗೆ ಗೊತ್ತಿರಬೇಕು, ಆದರೆ ಹುಡುಗಿ ಮೇಲೆ ಚಾಡಿ ಹೇಳಿದಂತಿರಬಾರದು, ಅಂಥ ಮಾತು ಹುಡುಕು ಅಂದರು. ಸರಿ, ಹುಡುಕಾಟ ಶುರುವಾಯಿತು. ಮೊದಲು ‘ಸೂಸ್ಯಾ’ ಅಂದೆ, ಗಲೀಜು ಅಂತ. ದಿನಾ ನಾನು ಎರೆಯೋ ಹುಡುಗಿ ಗಲೀಜು ಹೆಂಗ ಆಕ್ಕಾಳ ಅಂತ ಮುಖ ಗಂಟಿಕ್ಕಿದರು. ‘ದೆಸಾಲಿನ್ಯಾದಾ’ ಅಂದರೆ ತಲೆ, ಬಟ್ಟೆ ಕೆದರಿಕೊಂಡು ಓಡಾಡುವವಳು. ತಲೆ ಬಾಚುವುದು ತಾನು, ಅದು ತನ್ನ ಕೆಲಸಕ್ಕೇ ಕುಂದು ಅಂದರು. ‘ದೆಸ್ಕುಯ್ದಾದಾ’, ಲಕ್ಷ್ಯವಿಲ್ಲದವಳು ಅಂದಾಗಂತೂ ನನ್ನ ಮೇಲೇ ರೇಗಿದರು. ಯಾವ ಗೊಂಬೆ ಎಲ್ಲಿ ಬಿದ್ದಿದೆ ಅಂತ ಪುಟ್ಟಿ ನಿದ್ದೆಗಣ್ಣಲ್ಲೂ ಹೇಳುತ್ತಾಳಂತೆ. ಕಂಪನಿಯ ಕರಾರುಪತ್ರ ಒಂದೇ ದಿನದಲ್ಲಿ ಮುಗಿಸಿ ಬೀಗುವ ನಾನು ಒಂದು ಪದಕ್ಕೆ ಇಡೀ ಮಧ್ಯಾಹ್ನ ಬೆವರಿದೆ. ಕೊನೆಗೆ ‘ದೆಸೊರ್ದೆನಾದಾ’ ಅಂದೆ. ಸಾಮಾನನ್ನು ಅದರದರ ಜಾಗದಲ್ಲಿ ಇಡದವಳು, ಅಷ್ಟೇ.

"ಅದು ಬೈಗುಳೇನು?"

ಅಲ್ಲಿ ತಾಯಂದಿರು ಮಕ್ಕಳಿಗೆ ದಿನಾ ಅನ್ನುತ್ತಾರೆ ಅಂದೆ.

"ಹೆತ್ತೋರು ಅಂತಾರೇನು?"

ಹೌದು ಅಂದೆ.

"ಹಂಗಾದ್ರ ಅದನ್ನ ಬರಿ. ಕೆಳಗ ಇದನ್ನೂ ಬರಿ. ಹುಡುಗಿ ಹರಡಿದ್ರ ಖುಷಿಪಡು, ಎಲ್ಲಾ ಒಪ್ಪ ಮಾಡಿ ಇಟ್ಳಂದ್ರ ಹತ್ರ ಕುಂದ್ರಿಸ್ಕೋ."

ಹಾಗೇ ಬರೆದೆ. ಪುಟ್ಟಿ ಹೋದಳು. ಎರಡು ತಿಂಗಳ ಮೇಲೆ ಆಶ್ರಮಕ್ಕೆ ಬಂದ ಮೊದಲ ಪತ್ರವನ್ನು ನಾನೇ ಓದಿ ಹೇಳಿದೆ. ಹುಡುಗಿ ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಕೋಣೆಯಲ್ಲಿ ಒಂದು ವಸ್ತುವೂ ಆಚೀಚೆ ಇರುವುದಿಲ್ಲ, ನೀವು ಹೇಳಿದಂತೆ ಹತ್ತಿರ ಕೂರಿಸಿಕೊಳ್ಳುತ್ತಿದ್ದೇವೆ ಅಂತಿತ್ತು. ಕೊಟ್ರಮ್ಮ ಅವತ್ತು ಮಧ್ಯಾಹ್ನ ಉಣ್ಣಲಿಲ್ಲ. ಆಮೇಲೆ ಪ್ರತಿ ವಾರ ಫೋನಿನಲ್ಲಿ ಅವರದು ಒಂದೇ ಪ್ರಶ್ನೆ: ಹರಡ್ಯಾಳೇನು? ಹೂಂ ಅಂತ ಒಂದು ಸುಳ್ಳು ಹೇಳಿಬಿಡಲೇ ಅನ್ನಿಸುತ್ತಿತ್ತು. ಹೊಸ ಪತ್ರ ಬಂದಿಲ್ಲ ಅಂದಾಗಲೆಲ್ಲ ಅವರು ಇರ್ಲಿ ಬಿಡು ಅಂತ ನನ್ನನ್ನೇ ಸಮಾಧಾನ ಮಾಡೋರು.

ಅಷ್ಟರಲ್ಲಿ ಮೊಣಕಾಲು ನೋವು ಜಾಸ್ತಿಯಾಗಿ, ಕೆಲಸ ಬಿಟ್ಟು ಹೊಸಹಳ್ಳಿಯ ತಂಗಿ ಮನೆಗೆ ಹೋದರು. ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಪತ್ರ ಬಂತು, ಜೊತೆಗೊಂದು ಫೋಟೊ. ಎರಡನ್ನೂ ಮೇಡಂ ನನ್ನ ಫೋನಿಗೆ ಕಳಿಸಿದರು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಅಂತ ಕೂಡ್ಲಿಗಿ ಬಸ್ಸು ಹತ್ತಿ, ಅಲ್ಲಿಂದ ಹೊಸಹಳ್ಳಿಗೆ ಹೋದೆ. ಅದೇ ಕಡೆಯ ಭೇಟಿ ಅಂತ ನನಗೇನು ಗೊತ್ತು? ಆ ಮಳೆಗಾಲ ಮುಗಿಯುವುದರೊಳಗೆ ಕೊಟ್ರಮ್ಮ ತೀರಿಕೊಂಡರು.

ಫೋಟೊದಲ್ಲಿ ನೆಲದ ತುಂಬ ಬಟ್ಟೆ, ಬಣ್ಣದ ಪೆನ್ಸಿಲ್ಲು, ಮಂಚದ ಮೇಲೆ ಒಂಟಿ ಬೂಟು. ನಡುವೆ ಪುಟ್ಟಿ ಬೋರಲು ಮಲಗಿ ಏನೋ ಬರೆಯುತ್ತಿದ್ದಾಳೆ, ಫೋಟೊ ತೆಗೆಯುವವರ ಕಡೆ ನೋಡುತ್ತಲೂ ಇಲ್ಲ. ಕೆಳಗೆ ಆ ತಾಯಿ ‘ದೆಸೊರ್ದೆನಾದಾ’ ಅಂತ ನಾವು ಆರಿಸಿದ ಪದವೊಂದನ್ನೇ ಬರೆದಿದ್ದಳು. ಓದಿ ಹೇಳಿದೆ. ಕೊಟ್ರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗಾಜನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು.

"ಇನ್ನ ಆಕಿ ನನ್ನ ನೆನಸಂಗಿಲ್ಲ ಬಿಡವ್ವ," ಅಂದರು. "ಚಲೋ ಆತು."