ಗಂಗಿಯ ಇಶಾಡು, ಸೋಮನ ಮೂಗು

ಮಂಜಗುಣಿಯ ಗಂಗಿಗೆ ಈ ಮೇ ತಿಂಗಳು ಗಂಡನ ಮೂಗಿನಿಂದಾಗಿ ಸಾಕುಸಾಕಾಗಿ ಹೋಗಿತ್ತು. ಕಿವಿ ಮಂದವಾದ ಗಂಡನನ್ನು ಸಂಭಾಳಿಸಬಹುದು, ಕಣ್ಣು ಮಂಜಾದವನನ್ನೂ ಸಂಭಾಳಿಸಬಹುದು. ಮಾವಿನಹಣ್ಣಿನ ವಾಸನೆ ಬಡಿದರೆ ಬೆವರಿ, ಎದೆ ಹಿಡಿದುಕೊಂಡು ಅಂಗಳಕ್ಕೆ ಓಡುವ ಗಂಡನನ್ನು, ಅದೂ ಮಾವು ಮಾರಿ ಬದುಕುವ ಮನೆಯಲ್ಲಿ, ಯಾವ ಹೆಂಗಸು ಸಂಭಾಳಿಸುತ್ತಾಳೆ?

ಅಂಕೋಲೆಯ ಪೇಟೆಯಲ್ಲಿ ಗಂಗಿಯ ಇಶಾಡು ಮಾವು ಎಂದರೆ ಕಣ್ಣುಮುಚ್ಚಿ ಕೊಳ್ಳುವವರಿದ್ದರು. ಪುಡಿ ಹಾಕಿ ರಾತ್ರಿ ಬೆಳಗಾಗುವುದರೊಳಗೆ ಹಣ್ಣು ಮಾಡುವ ಕೆಲಸ ಅವಳದಲ್ಲ. ಒಳಗಿನ ಕೋಣೆಯಲ್ಲಿ ಒಣಹುಲ್ಲು ಹಾಸಿ, ಕಾಯಿಗಳನ್ನು ಸಾಲಾಗಿ ಇಟ್ಟು, ಮೇಲೆ ಮತ್ತೆ ಹುಲ್ಲು ಹೊದಿಸಿ, ದಿನಾ ಕೈಯಾಡಿಸಿ ನೋಡಿ, ಹದಕ್ಕೆ ಬಂದದ್ದನ್ನಷ್ಟೇ ಬುಟ್ಟಿಗೆ ತುಂಬುವವಳು. ಮನೆಯಲ್ಲಿ ಹಣ್ಣು ಮಾಗಿಸಲಾಗದಿದ್ದರೆ ಕಾಯಿಯನ್ನೇ ದಲ್ಲಾಳಿಗೆ ಸುರಿಯಬೇಕು. ಒಂದು ವರ್ಷ ಪೇಟೆಯಲ್ಲಿ ಕಾಣದಿದ್ದರೆ ಅವಳು ಕೂರುವ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ.

ಎಲ್ಲದಕ್ಕೂ ಮೂಲ ಕಳೆದ ವರ್ಷದ ಆ ಟೆಂಪೋ. ಕಾರವಾರಕ್ಕೆ ಹಣ್ಣು ಒಯ್ಯುವಾಗ ಬುಟ್ಟಿಗಳು ಒಂದರ ಮೇಲೊಂದು ಬೀಳದ ಹಾಗೆ ಹಿಂದೆ ಒಬ್ಬರು ಕೂರುವುದು ರೂಢಿ. ಅವತ್ತು ಗಂಡ ಸೋಮನೇ ಕೂತಿದ್ದ. ಅರ್ಗಾ ದಾಟುವಾಗ ಟೆಂಪೋ ಮಗುಚಿತು. ಬುಟ್ಟಿಗಳ ಅಡಿಯಲ್ಲಿ, ಒಡೆದ ಹಣ್ಣಿನ ರಸದಲ್ಲಿ ಮುಖ ಹೂತು, ಉಸಿರಿಗಾಗಿ ಒದ್ದಾಡುತ್ತಿದ್ದವನನ್ನು ಜನ ಎಳೆದು ತೆಗೆದರು. ಮೊಣಕೈ ತರಚಿತ್ತು, ಅಷ್ಟೇ. ಗಂಗಿ ವೆಂಕಟರಮಣನಿಗೆ ಕಾಯಿ ಒಡೆಸಿ ಬಂದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಎಲ್ಲಿ ಮುಗಿಯಿತು? ಈ ವರ್ಷದ ಮೊದಲ ಕಾಯಿ ಹುಲ್ಲಿನಲ್ಲಿ ಮಾಗಿದ್ದೇ ತಡ, ಸೋಮನ ಆಟ ಶುರುವಾಯಿತು. ಒಳಗೆ ಕಾಲಿಡಲೊಲ್ಲ. ಪಾತ್ರೆ ಬಿದ್ದರೆ ಬೆಚ್ಚಿಬೀಳುತ್ತಾನೆ, ಬೆಚ್ಚಿದ್ದಕ್ಕೆ ನಾಚಿಕೆಯಾಗಿ ರೇಗುತ್ತಾನೆ. ಗಂಗಿ ಅನ್ನ ಬಡಿಸಿದರೆ ಅವಳ ಕೈಯ ವಾಸನೆಗೆ ಬಟ್ಟಲು ಬಿಟ್ಟು ಏಳುತ್ತಾನೆ. ಇಷ್ಟು ವರ್ಷ ಉಂಡ ಕೈ! ಅದೊಂದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನಾದಿನಿ ಬೀರಿ ಇದು ಗಾಳಿ ಸೋಕಿದ್ದೇ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದ್ದೇ ಬಂತು. ಕೊನೆಗೆ ಗಂಗಿಯೇ ಒಂದು ಉಪಾಯ ಮಾಡಿದಳು. ಹಣ್ಣನ್ನೆಲ್ಲ ಅಟ್ಟಕ್ಕೇರಿಸಿ, ಗೋಣಿ ಮುಚ್ಚಿ, ಎಲ್ಲ ದಲ್ಲಾಳಿಗೆ ಕೊಟ್ಟಾಯಿತು ಎಂದು ಗಂಡನಿಗೆ ಸುಳ್ಳು ಹೇಳಿದಳು. ಬಚ್ಚಿಟ್ಟರೆ ಸುಮ್ಮನೆ ಕೂರುವ ಹಣ್ಣೇ ಅದು? ಮಧ್ಯಾಹ್ನ ಅಟ್ಟದ ಕೆಳಗೆ ಮಲಗಿದ್ದ ಸೋಮ ಎದೆ ಹಿಡಿದುಕೊಂಡು ಕುಸಿದ. ಹಾರ್ಟೇ ಹೋಯಿತೆಂದು ಹೆದರಿ ಕಾರವಾರದ ಆಸ್ಪತ್ರೆಗೆ ಒಯ್ದಳು.

ಹಾರ್ಟು ಗಟ್ಟಿಯಾಗಿತ್ತು. ಗಂಗಿಗೆ ಹೋದ ಜೀವ ಬಂತು, ಹಿಂದೆಯೇ ಸಿಟ್ಟೂ ಬಂತು.

"ಹಾರ್ಟು ಸಮಾ ಅದೆ ಅಂದ್ರೆ ಇದೆಂತಾ ನಾಟ್ಕ ಡಾಕ್ಟ್ರಮ್ಮಾ? ಟೆಂಪೋ ಬಿದ್ದು ವರ್ಷ ಆಯ್ತು. ಇದು ಹಣ್ಣು, ಟೆಂಪೋ ಅಲ್ಲ ಅಂತ ಇವಂಗೆ ಗೊತ್ತಾಗುದಿಲ್ವಾ?"

"ಅವರಿಗೆ ಗೊತ್ತು," ಎಂದರು ಡಾಕ್ಟರ್ ಅಮಿತಾ. "ಆದರೆ ಮೆದುಳಲ್ಲಿ ಅಪಾಯ ಕಾಯುವ ಒಂದು ಸಣ್ಣ ಭಾಗ ಇದೆ. ಅದಕ್ಕೆ ವರ್ಷ ತಿಂಗಳು ತಿಳಿಯೋದಿಲ್ಲ. ಸಾಯ್ತೇನೆ ಅನ್ನಿಸಿದಾಗ ಇವರ ಮೂಗಲ್ಲಿದ್ದದ್ದು ಇದೇ ವಾಸನೆ. ಈಗ ವಾಸನೆ ಬಂದ ಕೂಡಲೇ, ಇವರು ಯೋಚನೆ ಮಾಡುವ ಮೊದಲೇ, ಅದು ಎದೆ ಬಡಿಸ್ತದೆ, ಮೈ ನಡುಗಿಸ್ತದೆ. ಒಮ್ಮೊಮ್ಮೆ ಸಿಟ್ಟಾಗಿಯೂ ಹೊರಗೆ ಬರ್ತದೆ."

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಸೋಮ ತಲೆಯೆತ್ತಿದ. "ಗದ್ದೆಲಿ ಹಂದಿ ಕಾಯುವಂವನ ಹಂಗೆ. ಒಂದ್ಸಲ ಹಂದಿ ನುಗ್ತು ಅಂದ್ರೆ, ಮತ್ತೆ ಎಲೆ ಅಲ್ಲಾಡಿದ್ರೂ ಅಂವ ಡಬ್ಬ ಬಡಿಯುದೇ."

"ಅದೇ ಗೌಡ್ರೆ. ಬೈದರೆ ಅಂವ ಇನ್ನೂ ಜೋರಾಗಿ ಬಡೀತಾನೆ. ಹಣ್ಣು ಕದ್ದುಮುಚ್ಚಿ ಇಡೋದು ಬೇಡ. ನೀವಾಗಿಯೇ, ದೂರದಿಂದ, ಸ್ವಲ್ಪ ಸ್ವಲ್ಪ ಹತ್ತಿರ ಹೋಗಿ. ಆಗಾಗ ಇಲ್ಲಿಗೆ ಬನ್ನಿ, ಮಾತಾಡುವ."

ಒಂದು ಮಾತ್ರೆಯೂ ಇಲ್ಲ. ಗಂಗಿ ಬಸ್ಸಿನಲ್ಲಿ ಅಂಕೋಲೆಯವರೆಗೂ ಗೊಣಗಿದಳು. ಆದರೂ ಮನೆಗೆ ಬಂದವಳೇ ಹಣ್ಣು, ಹುಲ್ಲು ಎಲ್ಲವನ್ನೂ ಕೊಟ್ಟಿಗೆಗೆ ಸಾಗಿಸಿದಳು. ಸೋಮ ಮೊದಲು ಬಾವಿಕಟ್ಟೆಯ ಹತ್ತಿರ ಕೂತ, ಆಮೇಲೆ ಅಂಗಳದಲ್ಲಿ, ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ. ಒಂದು ದಿನ ಮುಂದೆ ಬಂದರೆ ಎರಡು ದಿನ ಹಿಂದೆ. ಕೊಟ್ಟಿಗೆಯ ಕರುವಾದರೂ ಇದಕ್ಕಿಂತ ಬೇಗ ಕಲಿಯುತ್ತಿತ್ತು ಎಂದು ಗಂಗಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅಂದೂ ಬಿಡುತ್ತಿದ್ದಳು.

ಮಳೆಗೆ ಇನ್ನೇನು ಸ್ವಲ್ಪ ದಿನ ಇರುವಾಗ ಗಂಗಿಯ ಕಾಲು ಉಳುಕಿತು. ಹಣ್ಣೇನೋ ಬುಟ್ಟಿಗೆ ತುಂಬಿದಳು, ಪೇಟೆಗೆ ಹೊರುವವರು ಯಾರು? "ನಾ ಹೊತ್ಕಂಡು ಹೋತೆ" ಎಂದ ಸೋಮ. ಬುಟ್ಟಿಗೆ ಗೋಣಿ ಕಟ್ಟಿ, ಮುಖ ಅತ್ತ ತಿರುಗಿಸಿಕೊಂಡು ಹೋಗಿ ಬಸ್ಸು ಹತ್ತಿದ.

ಊಟದ ಹೊತ್ತಿಗೆ ಬರಬೇಕಾದವನು ಬಿಸಿಲು ಇಳಿದರೂ ಬರಲಿಲ್ಲ. ಫೋನನ್ನು ಮನೆಯಲ್ಲೇ ಮರೆತಿದ್ದ. ಗಂಗಿ ಸಾರು ಸೀಯಿಸಿದಳು, ಕರುವಿಗೆ ಬೈದಳು, ಸಮಾಧಾನ ಹೇಳಲು ಬಂದ ಬೀರಿಗೂ ಬೈದಳು. ಬೇಲಿಯ ದಣಪೆಯ ಹತ್ತಿರ ಅವನ ತಲೆ ಕಂಡದ್ದೇ ಸಿಡಿದಳು.

"ಎಲ್ಲಿ ಸಾಯುಕೆ ಹೋಗಿದ್ದೆ? ಯಾರ ಹತ್ರಾದ್ರೂ ಹೇಳಿ ಕಳ್ಸುಕೆ ಆಗುದಿಲ್ವಾ ನಿಂಗೆ?"

"ಬಸ್ಸು ಕೆಟ್ಟು ನಿಂತಿತ್ತು. ನಡ್ಕಂಡೇ ಬಂದೆ."

ಬುಟ್ಟಿ ಖಾಲಿಯಾಗಿತ್ತು. ಅದನ್ನೂ ನೋಡದೆ ಅವಳು ಬೈಯುತ್ತಲೇ ಇದ್ದಳು. ಸೋಮ ಅವಳ ಕೈಯನ್ನೇ ನೋಡುತ್ತಿದ್ದ. ಅವನಿಗೆಂದು ತಂದ ಚೊಂಬಿನ ನೀರು ಚೆಲ್ಲಿ ಅವಳ ಪಾದವೆಲ್ಲ ಒದ್ದೆಯಾಗಿತ್ತು.

"ಗಂಗೀ," ಎಂದ ಮೆಲ್ಲಗೆ. "ನಿನ್ ತಲೇಲೂ ಅಂವ ಡಬ್ಬ ಬಡೀತಿದ್ನಾ?"

ಕಳೆದ ವರ್ಷ ಟೆಂಪೋ ಮಗುಚಿದೆ ಎಂದು ಯಾರೋ ಫೋನು ಮಾಡಿ, ಸತ್ತನೋ ಬದುಕಿದನೋ ಹೇಳುವುದರೊಳಗೆ ಲೈನು ಕಡಿದುಹೋಗಿತ್ತು. ಆಗಲೂ ಅವಳು ನಿಂತಿದ್ದು ಇದೇ ಅಂಗಳದಲ್ಲಿ. ಅಲ್ಲಿಂದೀಚೆಗೆ ಅವನು ತಡವಾಗಿ ಬಂದಾಗಲೆಲ್ಲ ಈ ಮನೆಯಲ್ಲಿ ಜಗಳವಾಗಿತ್ತು. ಗಂಡನ ಬೇಜವಾಬ್ದಾರಿಯೇ ಅದಕ್ಕೆ ಕಾರಣ ಎಂದು ಅವಳು ತಿಳಿದಿದ್ದಳು.

ಗಂಗಿ ಚೊಂಬು ಕೆಳಗಿಟ್ಟು, ಜಗಲಿಯ ಮೇಲೆ ಕೂತು ಅತ್ತಳು. ಸೋಮ ಪಕ್ಕದಲ್ಲಿ ಕೂತು ಅವಳ ಕೈಯನ್ನು ಹಿಡಿದುಕೊಂಡ. ಬೆಳಿಗ್ಗೆ ಬುಟ್ಟಿ ತುಂಬಿದ ಕೈ, ಇನ್ನೂ ಇಶಾಡಿನ ವಾಸನೆ ಹೊಡೆಯುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿತು. ಅವನು ಎದ್ದು ಹೋಗಲಿಲ್ಲ.