ಪ್ಲಾಸ್ಟಿಕ್ ಚಡ್ಡಿ

ನನಗೆ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನ ಒಂಟಿಕೊಪ್ಪಲಿನ ಅತ್ತೆಮನೆಯಲ್ಲೇ ಆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ಮಗುವಿಗೆ ಎರೆಯಲು ಒಬ್ಬ ಅಜ್ಜಿ ಬರುತ್ತಿದ್ದರು. ಆ ಬೀದಿಯ ಅರ್ಧ ಮಕ್ಕಳು ಅವರ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರೇ. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು ನನ್ನ ಕೈಗೆ ಕೊಟ್ಟರೆ ಮಗು ಮಧ್ಯಾಹ್ನದವರೆಗೂ ನಿದ್ದೆ.

ನಾನು ಬಿ.ಎಸ್ಸಿ. ಓದಿದವಳು, ಆ ಜಂಬ ಬೇರೆ. ಹಾಸಿಗೆ ಒದ್ದೆಯಾದರೆ ಅತ್ತೆ ಮುಖ ಗಂಟಿಕ್ಕುತ್ತಾರೆಂದು ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸಲು ಶುರುಮಾಡಿದೆ. ಒಳಗೆ ಬಟ್ಟೆ ಒದ್ದೆಯಾಗಿ ಗಂಟೆಗಟ್ಟಲೆ ಇದ್ದರೂ ಹೊರಗೆ ಗೊತ್ತಾಗುತ್ತಿರಲಿಲ್ಲ. ಎಷ್ಟು ಅನುಕೂಲ ಅಂದುಕೊಂಡೆ.

"ಗಾಳಿ ಆಡ್ಬೇಕು ಕಣವ್ವ, ಬಿಚ್ಚಾಕಿ" ಎಂದು ಅಜ್ಜಿ ಎರಡು ಸಲ ಹೇಳಿದರು. ಇವರಿಗೇನು ಗೊತ್ತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರದೊಳಗೆ ಮಗುವಿನ ತೊಡೆಸಂದು, ಕುಂಡೆಯೆಲ್ಲ ಕೆಂಪಗೆ ಬೆಂದಂತಾಯಿತು. ನೀರು ತಾಗಿದರೆ ಚೀರುತ್ತಿತ್ತು. ಯಾಕೆ ಹೀಗಾಯಿತೆಂದು ಅತ್ತೆ ಗದರಿಸಿ ಕೇಳಿದರು. ಹೆದರಿದ ನಾನು, ಅಜ್ಜಿಯ ಎದುರಿಗೇ, ಕಡಲೆಹಿಟ್ಟು ಹಾಕಿ ಒರಟಾಗಿ ಉಜ್ಜಿದ್ದಕ್ಕೆ ಎಂದುಬಿಟ್ಟೆ. ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡರು. ನಾಳೆಯಿಂದ ಬರುವುದು ಬೇಡ ಎಂದರು ಅತ್ತೆ.

ಮರುದಿನ ಗಂಡನ ಜೊತೆ ಸರಸ್ವತಿಪುರದ ಡಾಕ್ಟರ ಬಳಿಗೆ ಹೋದೆ. ಅವರು ಆ ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕಾರಣ ಇದೇ ಎಂದರು. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಬೇಕು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಉಜ್ಜದೆ ಒತ್ತಿ ಒರೆಸಬೇಕು, ಸ್ವಲ್ಪ ಹೊತ್ತು ಹಾಗೇ ಗಾಳಿಗೆ ಬಿಟ್ಟು ಆಮೇಲೆ ಬಿಳಿ ಮುಲಾಮು ಹಚ್ಚಬೇಕು. ಅಜ್ಜಿ ಹೇಳಿದ್ದ ಗಾಳಿಯೇ! ನಾಲ್ಕು ದಿನದಲ್ಲಿ ವಾಸಿಯಾಯಿತು.

ಡಾಕ್ಟರ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ಗಂಡನಿಗೂ ಅಂದೆ. ಅಷ್ಟರಲ್ಲಿ ಅಜ್ಜಿಯ ಕೈ ಒರಟು ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಬಸುರಿಯರಿದ್ದ ಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನಂತೂ ಆಡಿದ ಮಾತನ್ನು ತಿದ್ದುವ ಪ್ರಯತ್ನವನ್ನೂ ಮಾಡಲಿಲ್ಲ. ಅಷ್ಟು ಹೇಡಿ ನಾನು.

ಎರಡನೆಯ ಬಸಿರಿಗೆ ಏಳು ತಿಂಗಳಾದಾಗ ಅತ್ತೆ ಬದುಕಿರಲಿಲ್ಲ. ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲ ಬಳಿ ಕಾಲು ಚಾಚಿ ಕೂತಿದ್ದರು. ನಮ್ಮ ಬೀದಿಯವರು ಅವರನ್ನು ಮತ್ತೆ ಕರೆದಿರಲೇ ಇಲ್ಲ. ಅವತ್ತಿನ ತಪ್ಪು ನನ್ನದು ಎಂದೆ.

"ಅವತ್ತೇ ಗೊತ್ತಿತ್ತು ಕಣವ್ವ."

ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ನಾನು ಹೇಳಿದ್ರೆ ನಿಮ್ಮತ್ತೆ ನಿಮ್ಮನ್ನ ಬಯ್ಯೋರು. ತಾಯಿಲ್ದ ಹೆಣ್ಣು, ಹಸಿ ಬಾಣಂತಿ. ಅತ್ರೆ ಎದೆಹಾಲು ಬತ್ತೋಯ್ತದೆ ಅಂತ ಸುಮ್ಕಾದೆ."

ನಾನು ಅಲ್ಲೇ ಹೊಸ್ತಿಲ ಬಳಿ ಕೂತು ಅತ್ತುಬಿಟ್ಟೆ. ಅಜ್ಜಿ ನನ್ನ ಹೊಟ್ಟೆಯ ಕಡೆ ನೋಡಿ, ಈಗಲೂ ಅಳಬಾರದು ಎಂದರು.