ಕರಗುವ ಮೊದಲು ನೋಡಿಬಿಡಿ

ಮರುಭೂಮಿಯಲ್ಲಿ ಕುಳಿತು ಹಿಮ ಮಾರುವ ಕೆಲಸ ಮಾಡಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿಯೂ ನಕ್ಕಿದ್ದಳು.

ಎರಡು ಸಾವಿರದ ಹದಿನೈದರ ಆಸುಪಾಸು. ದುಬೈಯ ದೇರಾ ಭಾಗದ ಅಲ್ ಮುರಕ್ಕಬಾತ್‌ನಲ್ಲಿ, ಒಂದು ಕಬಾಬ್ ಹೋಟೆಲಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಯುರೋಪಿನ ಬೆಟ್ಟವೊಂದರಲ್ಲಿ ಸ್ಕೀ ರೆಸಾರ್ಟ್ ನಡೆಸುವ ಕಂಪನಿಯ ಶಾಖೆ ಅದು. ಇಲ್ಲಿನ ಸಂಸಾರಗಳನ್ನು ವಿಮಾನ ಹತ್ತಿಸಿ ಅಲ್ಲಿನ ಹಿಮದಲ್ಲಿ ಜಾರಲು ಕಳಿಸುವುದು ನಮ್ಮ ಕಸುಬು. ಮ್ಯಾನೇಜರ್ ಕಾರ್ಕಳದ ಶೆಟ್ಟರು. ಅವರ ಕೈಕೆಳಗೆ ಮೈಸೂರಿನ ನಾನು.

ಒಂದು ಬೇಸಿಗೆಯಲ್ಲಿ ಮುಖ್ಯ ಕಚೇರಿಯಿಂದ ಇಮೇಲ್ ಬಂತು. ಭೂಮಿ ಬಿಸಿಯಾಗುತ್ತಿದೆ, ನಮ್ಮ ಬೆಟ್ಟದಲ್ಲೇ ಹಿಮ ಸಾಲದೆ ಯಂತ್ರದಿಂದ ಉಗುಳಿಸುವಂತಾಗಿದೆ, ಆದ್ದರಿಂದ ಕಂಪನಿ ತನ್ನ ಇಂಗಾಲದ ಹೊಗೆ ತಗ್ಗಿಸುವ ಸಂಕಲ್ಪ ಮಾಡಿದೆ, ಪ್ರತಿ ಶಾಖೆಯೂ ತನ್ನ ಪಾಲಿನ ಸಂಕಲ್ಪ ತಿಳಿಸಲಿ, ಎಂದು. ಸಂಕಲ್ಪವೆಂದರೆ ನನಗೆ ಗೊತ್ತಿದ್ದದ್ದು ಪುರೋಹಿತರು ಕೈಗೆ ಅಕ್ಷತೆ ಹಾಕಿ ಮಾಡಿಸುವಂಥದ್ದು. ಅಲ್ಲಿಯಾದರೋ ಏನು ಹೇಳಬೇಕೆಂದು ಅವರೇ ಹೇಳಿಕೊಡುತ್ತಾರೆ.

"ಎಂತ ಬರೆಯುವುದು ಮಾರಾಯ್ರೆ?" ಎಂದರು ಶೆಟ್ಟರು.

"ಎಸಿ ಸ್ವಲ್ಪ ಕಡಿಮೆ ಮಾಡೋಣ ಸಾರ್. ಪೇಪರ್ ಕಪ್ ಬಿಟ್ಟುಬಿಡೋಣ."

"ಅದು ಸರಿ. ವಿಮಾನಕ್ಕೆ ಎಂತ ಮಾಡುವುದು?"

ವಿಮಾನದ ಮುಂದೆ ನಮ್ಮ ಪೇಪರ್ ಕಪ್ ಯಾವ ಲೆಕ್ಕ? ನಿಜಕ್ಕೂ ಹೊಗೆ ತಗ್ಗಬೇಕಾದರೆ ನಮ್ಮ ಶಾಖೆಯನ್ನೇ ಮುಚ್ಚಬೇಕಿತ್ತು. ಮುಚ್ಚಿದರೆ ನನ್ನ ವೀಸಾ ಖಲಾಸ್. ಮಗಳ ಶಾಲೆ, ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಬಾಡಿಗೆ ಮನೆ, ಎಲ್ಲವೂ ಆ ವೀಸಾದ ಬಾಲ ಹಿಡಿದೇ ನಿಂತಿದ್ದವು. ಕೊನೆಗೆ, "ಗಿರಾಕಿಗಳಿಗೆ ಹವಾಮಾನದ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ" ಎಂದು ಬರೆದು ಕಳಿಸಿದೆವು. ಯಾರಿಗೂ ನೋವಾಗದ ಸಂಕಲ್ಪ ಎಂದುಕೊಂಡೆ.

ಮರುದಿನವೇ ಉಡುಪಿ ಕಡೆಯ ಶಕುಂತಲಕ್ಕ ಬಂದರು. ಹೋಗುವುದೋ ಬಿಡುವುದೋ ಎಂದು ಬಹಳ ದಿನಗಳಿಂದ ತೂಗಿ ನೋಡುತ್ತಿದ್ದವರು. ನಿಜ ಹೇಳಿದೆ: ಹಿಮ ವರ್ಷವರ್ಷ ಕಡಿಮೆಯಾಗುತ್ತಿದೆ, ನಾವು ಹೀಗೆ ಹಾರಿ ಹೋಗುವುದೂ ಅದಕ್ಕೊಂದು ಕಾರಣ. ಅವರ ಮುಖ ಸಣ್ಣದಾಯಿತು. ಗಿರಾಕಿ ಕೈತಪ್ಪಿತು ಎಂದುಕೊಂಡೆ.

"ಅಯ್ಯೋ, ಹಾಗಾದ್ರೆ ಕರಗುವ ಮೊದಲು ಮಕ್ಕಳಿಗೆ ತೋರಿಸ್ಬೇಕಲ್ಲ! ನನ್ನ ತಂಗಿ ಮನೆಯವರನ್ನೂ ಸೇರಿಸಿ ಬುಕ್ ಮಾಡಿ."

ಶೆಟ್ಟರು ಹಿಗ್ಗಿಹೋದರು. "ಇದನ್ನೇ ಎಲ್ಲರಿಗೂ ಹೇಳಿ ಮಾರಾಯ್ರೆ!"

ಹೇಳಿದೆ. ನಿಜ ಹೇಳಿದಷ್ಟೂ ಜನ ವಿಮಾನ ಹತ್ತಿದರು. ಪುರಾಣಗಳಲ್ಲಿ ನಿಜ ನುಡಿದವರು ರಾಜ್ಯ ಕಳೆದುಕೊಂಡು ಕಾಡು ಸೇರುತ್ತಾರೆ. ನನಗೆ ಬಡ್ತಿಯ ಸೂಚನೆ ಕಂಡಿತು. "ಒಳ್ಳೇದೇ ಅಲ್ವಾ, ಯಾಕ್ರೀ ಮುಖ ಹೀಗಿದೆ?" ಎಂದು ಹೆಂಡತಿ ಕೇಳಿದಾಗ ಅವಳಿಗೆ ವಿಮಾನಗಳ ಹೊಗೆಯ ಲೆಕ್ಕ ಹೇಳಿದೆ.

ನಿಜದಿಂದ ಹೀಗಾಗುವುದಾದರೆ ಸುಳ್ಳನ್ನೂ ಒಮ್ಮೆ ಪರೀಕ್ಷಿಸೋಣ ಅನ್ನಿಸಿತು. ಶೆಟ್ಟರು ಊಟಕ್ಕೆ ಹೋಗಿದ್ದಾಗ ಬೆಂಗಳೂರಿನ ಹೊಸ ದಂಪತಿ ಬಂದರು. "ಹಿಮಕ್ಕೇನು, ಬೇಕಾದಷ್ಟಿದೆ. ಅವಸರ ಮಾಡ್ಬೇಡಿ, ಯಾವ ವರ್ಷ ಬೇಕಾದ್ರೂ ಹೋಗಬಹುದು" ಎಂದೆ.

ಇಬ್ಬರಿಗೂ ಸಮಾಧಾನವಾಯಿತು. "ಹಾಗಾದ್ರೆ ಇದು ಮುಂದಿನ ವರ್ಷಕ್ಕಿರ್ಲಿ ಕಣೋ" ಎಂದಳು ಹುಡುಗಿ. ವ್ಯಾಪಾರ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟ ನೌಕರ ದೇರಾದಲ್ಲಿ ಇನ್ನೊಬ್ಬನಿರಲಾರ. ಲಿಫ್ಟಿನವರೆಗೂ ಹೋಗಿ ಬೀಳ್ಕೊಟ್ಟೆ.

ಬಾಗಿಲು ಮುಚ್ಚುವಾಗ ಒಳಗಿನಿಂದ ಅವಳ ದನಿ ಕೇಳಿಸಿತು: "ಈ ವರ್ಷ ಮಾಲ್ಡೀವ್ಸ್ ಮುಗಿಸಿಬಿಡೋಣ. ಅದು ಮುಳುಗ್ತಿದೆಯಂತೆ!"

ಹೊರಟು ನಿಂತದ್ದರ ಮೇಲೆಯೇ ನಮಗೆ ಪ್ರೀತಿ ಉಕ್ಕುವುದು. ಅದು ತಪ್ಪೆಂದು ನಾನು ಯಾವ ಬಾಯಲ್ಲಿ ಹೇಳಲಿ? ಹಿಮ ಇರುವಾಗಲೇ ಜನಕ್ಕೆ ಅಷ್ಟು ಪ್ರೀತಿ ಬಂದು ಹಾರಾಟ ಬಿಟ್ಟಿದ್ದರೆ ನನ್ನ ಕೆಲಸ ಎಂದೋ ಹೋಗಿರುತ್ತಿತ್ತು.